ಊದುಬತ್ತಿಯ ಲೆಕ್ಕ

ಕನಜಾವಾಕ್ಕೆ ಹೋಗೋಣ ಎಂದವಳು ನಾನೇ. ಅಲ್ಲಿ ನೋಡಲಿರುವುದು ಗೇಷಾ ಕೇರಿಯನ್ನು ಎಂದು ಅತ್ತೆಯ ಎದುರು ಹೇಳುವ ಧೈರ್ಯ ಮಾತ್ರ ನನಗೂ ಇರಲಿಲ್ಲ, ಇವರಿಗೂ ಇರಲಿಲ್ಲ. "ಹಳೇ ಕಾಲದ ಮರದ ಮನೆಗಳಿವೆಯಮ್ಮ, ಚೆನ್ನಾಗಿರುತ್ತೆ" ಎಂದು ಇವರು ಸುತ್ತಿ ಬಳಸಿ ಹೇಳುತ್ತಿದ್ದಾಗ, ಹದಿನಾಲ್ಕರ ಮಗಳು ಫೋನಿನಿಂದ ತಲೆ ಎತ್ತದೆ, "ಗೇಷಾಗಳ ಬೀದಿ ಅಜ್ಜಿ. ಅಪ್ಪ ಹೇಳ್ತಿಲ್ಲ ಅಷ್ಟೆ" ಎಂದುಬಿಟ್ಟಳು. ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ಹಾಡೋರು, ನುಡಿಸೋರು ಇದ್ದ ಜಾಗ ತಾನೆ? ಅದಕ್ಯಾಕೆ ಇಷ್ಟೊಂದು ಮುಚ್ಚುಮರೆ?"

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಈಗಲೂ ಬೆಳಿಗ್ಗೆ ಎದ್ದು ವೀಣೆ ಹಿಡಿದು ಕೂರುವ ಹೆಂಗಸು ಅವರು. ಇವರ ಕೆಲಸದ ದೆಸೆಯಿಂದ ನಾವು ಜಪಾನಿನ ಯೊಕೊಹಾಮಾದಲ್ಲಿದ್ದ ಕಾಲ. 2023ರ ನವೆಂಬರಿನಲ್ಲಿ ಅತ್ತೆ, ಚಟ್ನಿಪುಡಿ, ಹುಳಿಪುಡಿ, ಮೊಮ್ಮಕ್ಕಳಿಗೆ ಕೋಡುಬಳೆ ಎಲ್ಲ ತುಂಬಿಕೊಂಡು ಬಂದಿದ್ದರು. ಬಂದವರಿಗೆ ಊರು ತೋರಿಸಬೇಕಲ್ಲ.

ಮೊದಲು ಕ್ಯೋಟೋ ಆಯಿತು. ಗಿಯೋನ್ ಭಾಗದ ಹನಾಮಿಕೋಜಿ ಬೀದಿಗೆ ಹೋದಾಗ ದೀಪ ಹಚ್ಚುವ ಹೊತ್ತು. ಕಾಲಿಡಲು ಜಾಗವಿಲ್ಲದಷ್ಟು ಜನ, ಅದರಲ್ಲಿ ಮುಕ್ಕಾಲು ಪಾಲು ನಮ್ಮಂಥ ಪರಸ್ಥಳದವರು. ಒಂದು ಬಾಗಿಲು ಸರಿಯಿತು, ಒಬ್ಬ ಮೈಕೋ ಹೊರಬಂದಳು. ಗೇಷಾ ಆಗಲು ಇನ್ನೂ ಕಲಿಯುತ್ತಿರುವ ಹುಡುಗಿಯರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಬೀದಿಯ ತಲೆಗಳೆಲ್ಲ ಒಮ್ಮೆಗೇ ಅತ್ತ ತಿರುಗಿದವು. ಅವಳ ಕಾಲಲ್ಲಿ ಸುಮಾರು ಹತ್ತು ಸೆಂಟಿಮೀಟರ್ ಎತ್ತರದ ಮರದ ಪಾದರಕ್ಷೆ. ಅದನ್ನು ಮೆಟ್ಟಿ ಓಡುವುದಂತೂ ಸಾಧ್ಯವಿಲ್ಲ. ಚಿಕ್ಕ ಚಿಕ್ಕ ಹೆಜ್ಜೆಯನ್ನು ಬೇಗ ಬೇಗ ಹಾಕುತ್ತಾ, ಯಾರನ್ನೂ ನೋಡದೆ, ತಿರುವಿನಲ್ಲಿ ನಿಂತಿದ್ದ ಟ್ಯಾಕ್ಸಿ ಹತ್ತಿದಳು. ಟ್ಯಾಕ್ಸಿಯ ಗಾಜಿಗೂ ಫೋನುಗಳು ಬಂದು ಮುತ್ತಿದವು. "ಕೆಲಸಕ್ಕೆ ಹೊರಟಿರೋ ಮಗು ಅದು. ನಮ್ಮ ಹುಡುಗೀನ ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಹೀಗೆ ಸುತ್ತುವರಿದಿದ್ರೆ ಸುಮ್ಮನೆ ಬಿಡ್ತಿದ್ವಾ?" ಎಂದರು ಅತ್ತೆ. ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಎಂಬ ಫಲಕಗಳನ್ನು ಆ ಕೇರಿಯವರು 2019ರಲ್ಲೇ ಹಾಕಿದ್ದರು. ನಾವು ಹೋಗಿಬಂದ ಮರುವರ್ಷ ಅವರ ತಾಳ್ಮೆ ಪೂರ್ತಿ ಮುಗಿಯಿತು. ಅಂಥ ಓಣಿಗಳಿಗೆ ಪ್ರವಾಸಿಗರು ಕಾಲಿಡುವುದೇ ಬೇಡ ಎಂದರು. ಸರಿಯಾಗಿಯೇ ಮಾಡಿದರು.

ಕ್ಯೋಟೋದಿಂದ ಕನಜಾವಾಕ್ಕೆ ಆಗ ಥಂಡರ್‌ಬರ್ಡ್ ಎಂಬ ರೈಲು ನೇರವಾಗಿ ಹೋಗುತ್ತಿತ್ತು. ಈಗ ತ್ಸುರುಗಾದಲ್ಲಿ ಇಳಿದು ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತಬೇಕು. ಇಳಿದಾಗ ಮಳೆ. ಊಟದ ಬುತ್ತಿ ಮರೆತರೂ ಕೊಡೆ ಮರೆಯಬೇಡ ಎಂಬುದು ಆ ಊರಿನ ಗಾದೆ, ಮತ್ತು ಅದು ಉತ್ಪ್ರೇಕ್ಷೆಯಲ್ಲ. ಅತ್ತೆ ಎರಡನ್ನೂ ಮರೆತಿರಲಿಲ್ಲ. ಮೀನಿನ ಸಾರು ಬೀಳದ ಅಡುಗೆ ಜಪಾನಿನಲ್ಲಿ ಸಿಗುವುದು ಕಷ್ಟವೆಂದು ಅವರಿಗೆ ಬಂದ ವಾರದಲ್ಲೇ ಗೊತ್ತಾಗಿತ್ತು. ಚಪಾತಿ, ಚಟ್ನಿಪುಡಿ ಬ್ಯಾಗಿನಲ್ಲೇ ಇದ್ದವು.

ಕನಜಾವಾ ಒಂದು ಕಾಲಕ್ಕೆ ಕಾಗಾ ಸಂಸ್ಥಾನದ ರಾಜಧಾನಿ. ಅಲ್ಲಿನ ಮಾಯೆದಾ ದೊರೆಗಳ ಆದಾಯ ವರ್ಷಕ್ಕೆ ಹತ್ತು ಲಕ್ಷ ಕೊಕು ಅಕ್ಕಿ ಎಂಬುದು ಲೋಕಪ್ರಸಿದ್ಧ. ಒಂದು ಕೊಕು ಅಂದರೆ ಒಬ್ಬ ಮನುಷ್ಯನ ಒಂದು ವರ್ಷದ ಅನ್ನ, ಹೆಚ್ಚುಕಡಿಮೆ ನೂರೈವತ್ತು ಕಿಲೋ. ಇಷ್ಟು ಹಣವಿದ್ದ ದೊರೆಯ ಮೇಲೆ ದೇಶವನ್ನಾಳುತ್ತಿದ್ದ ಶೋಗನ್ ಸದಾ ಕಣ್ಣಿಟ್ಟಿರುತ್ತಿದ್ದ. ಹಾಗಾಗಿ ಅವರು ದುಡ್ಡನ್ನು ಸೈನ್ಯಕ್ಕಿಂತ ಹೆಚ್ಚಾಗಿ ಕಲೆ, ಕುಸುರಿಗಳಿಗೆ ಸುರಿದರು. ಊರಿನಲ್ಲಿ ಅಲ್ಲಲ್ಲಿ ಹರಡಿದ್ದ ಚಾಯಾ ಮನೆಗಳನ್ನು, ಎಂದರೆ ಗೇಷಾಗಳ ಸಂಗೀತ ನೃತ್ಯದೊಂದಿಗೆ ಔತಣ ನಡೆಯುತ್ತಿದ್ದ ಮನೆಗಳನ್ನು, 1820ರಲ್ಲಿ ಸಂಸ್ಥಾನದವರು ಒಂದೆಡೆ ಸೇರಿಸಿದರು. ಅಸಾನೋ ನದಿಯ ಪಕ್ಕ ಒಂದು ಕೇರಿ, ಊರಿನ ಇನ್ನೊಂದು ಕಡೆ ಇನ್ನೊಂದು. ಮೊದಲನೆಯದೇ ಹಿಗಾಶಿ ಚಾಯಾ. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಮೇಲೆ ಬಾಂಬು ಬೀಳಲಿಲ್ಲ. ಆದ್ದರಿಂದ ಕೇರಿ ಉಳಿಯಿತು. 2001ರಲ್ಲಿ ಜಪಾನ್ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ಬೀದಿಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಮನೆಗಳ ಮುಂಭಾಗದ ಮರದ ಜಾಲರಿ. ಕಡ್ಡಿ ಕಡ್ಡಿಯಾಗಿ, ಒತ್ತೊತ್ತಾಗಿ, ಕಂದುಗೆಂಪು ಬಣ್ಣದಲ್ಲಿ ಬೀದಿಯುದ್ದಕ್ಕೂ ಹಬ್ಬಿದೆ. ಹೊರಗೆ ನಿಂತರೆ ಒಳಗೇನೂ ಕಾಣದು. ಕೆಳಗಿನ ಕೋಣೆಯನ್ನು ತಿಂಡಿಯಂಗಡಿ ಮಾಡಿಕೊಂಡಿದ್ದ ಒಂದು ಮನೆಯಲ್ಲಿ ಮಳೆಗೆಂದು ನಾವು ಒಳಗೆ ಕೂತೆವು. ಅಲ್ಲಿಂದ ನೋಡಿದರೆ ಇಡೀ ಬೀದಿ ನಿಚ್ಚಳವಾಗಿ ಕಾಣುತ್ತಿತ್ತು: ಕೊಡೆಗಳು, ಬಾಡಿಗೆ ಕಿಮೋನೋ ಉಟ್ಟು ಎಡವುತ್ತಿದ್ದ ಹುಡುಗಿಯರು, ಎದುರು ಮನೆಯ ಹೆಂಚಿನಿಂದ ಇಳಿಯುವ ನೀರು. ಒಂಬತ್ತು ವರ್ಷದ ಮಗ ಇದನ್ನು ನಂಬಲಿಲ್ಲ. ಹೊರಗೋಡಿ, ಜಾಲರಿಗೆ ಮೂಗು ತಾಗಿಸಿ, "ಕಾಣ್ತಿದೀನಾ?" ಎಂದು ಕೂಗಿದ. ಒಳಗಿನಿಂದ ಅಕ್ಕ ಅವನಿಗೆ ನಾಲಗೆ ಚಾಚಿ ಅಣಕಿಸುತ್ತಿದ್ದಳು. ಅವನಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಇವರು ಒಂದು ಕಡ್ಡಿಯ ಮೇಲೆ ಬೆರಳಾಡಿಸಿ ಗುಟ್ಟು ತೋರಿಸಿದರು. ಪ್ರತಿ ಕಡ್ಡಿಯೂ ಬೀದಿಯ ಕಡೆಗೆ ಅಗಲ, ಒಳಗಡೆಗೆ ಸಣ್ಣ. ಹೊರಗಿನವನಿಗೆ ಗೋಡೆ, ಒಳಗಿನವನಿಗೆ ಕಿಟಕಿ. ಕೇರಿಯನ್ನು ಕಟ್ಟಿದವರಿಗೆ ಬಂದವರ ಮಾನ ಮುಚ್ಚುವುದು ಮೊದಲ ಕೆಲಸವಾಗಿತ್ತು. ಈಗ ಆ ಜಾಲರಿಯ ಮುಂದೆಯೇ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ.

ಶಿಮಾ ಎಂಬ ಮನೆ 1820ರಲ್ಲಿ ಕಟ್ಟಿದ ಹಾಗೆಯೇ ಇದೆ, ಈಗ ವಸ್ತುಸಂಗ್ರಹಾಲಯ. ಟಿಕೆಟ್ ಕೊಂಡು, ಚಪ್ಪಲಿ ಬಿಟ್ಟು, ಅತ್ತೆಯ ಮಂಡಿಯನ್ನು ಮಾತಾಡಿಸುತ್ತಾ ಕಡಿದಾದ ಮೆಟ್ಟಿಲು ಹತ್ತಿಸಿದೆವು. ಆ ಕಾಲದಲ್ಲಿ ಊರಿನ ಸಾಮಾನ್ಯರಿಗೆ ಎತ್ತರದ ಮಹಡಿ ಕಟ್ಟಲು ಅಪ್ಪಣೆ ಇರಲಿಲ್ಲ, ಚಾಯಾ ಮನೆಗಳಿಗೆ ಇತ್ತು. ಮೇಲೆ ಗೋಡೆಗಳಿಗೆ ಗಾಢ ಕೆಂಪು. ಅತಿಥಿ ಕೂರುವ ಚಾಪೆಯ ಕೋಣೆ, ಅದರೆದುರು ಇನ್ನೊಂದು ಚಿಕ್ಕ ಕೋಣೆ, ನಡುವೆ ಸರಿಸುವ ಬಾಗಿಲು. ಆ ಬಾಗಿಲು ತೆರೆದರೆ ಚಿಕ್ಕ ಕೋಣೆಯೇ ರಂಗ. ಅತಿಥಿಗೂ ಕುಣಿಯುವವಳಿಗೂ ನಡುವೆ ಹತ್ತಡಿಯೂ ಇಲ್ಲ. ಬಾಗಿಲಿಗೆ ಬೆರಳು ಹಾಕಿ ಸರಿಸಲು ಮಾಡಿದ ಪುಟ್ಟ ಗುಳಿಯ ಲೋಹದಲ್ಲೂ ಬಣ್ಣದ ಮೀನಾಕಾರಿ ಇತ್ತು. ಮಗಳು ಮಂಡಿಯೂರಿ ಕೂತು ಅದನ್ನೇ ನೋಡುತ್ತಿದ್ದಳು. ಇಷ್ಟು ಚಿಕ್ಕದನ್ನು ಯಾರು ನೋಡ್ತಿದ್ರು ಎಂದು ಕೇಳಿದಳು. ಹತ್ತಡಿಯ ಕೋಣೆಯಲ್ಲಿ ಇಡೀ ರಾತ್ರಿ ಕೂತವರ ಕಣ್ಣಿಗೆ ಎಲ್ಲವೂ ಬೀಳುತ್ತದೆ ಎಂದುಕೊಂಡೆ.

ಅತ್ತೆಯ ಆಸಕ್ತಿ ಕೆಳಗಡೆ. ಅಡುಗೆಮನೆಯಲ್ಲಿ ಕಲ್ಲಿನ ಬಾವಿ ಇತ್ತು, ನೆಲದಡಿಯ ಕಲ್ಲಿನ ಉಗ್ರಾಣ ಇತ್ತು. "ಇಷ್ಟು ಜನಕ್ಕೆ ಅಡುಗೆ ಮಾಡೋ ಒಲೆ ಎಲ್ಲಿ?" ಎಂದು ಹುಡುಕಿದರು. ಇಲ್ಲ. ಚಾಯಾ ಮನೆಗಳಲ್ಲಿ ಔತಣದ ಅಡುಗೆ ಮಾಡುವುದಿಲ್ಲ, ಹೊರಗಿನ ಅಡುಗೆಯವರಿಂದ ತರಿಸುತ್ತಾರೆ. ಮನೆಯೊಡತಿಯದು ಏರ್ಪಾಡಿನ ಕೆಲಸ: ಯಾರು ಬರುತ್ತಾರೆ, ಅವರಿಗೆ ಯಾವ ಹಾಡು ಇಷ್ಟ, ಯಾವ ಗೇಷಾಗೆ ಹೇಳಿಕಳಿಸಬೇಕು, ಯಾವ ಊಟ. ಹಣದ ಲೆಕ್ಕವೂ ಅವಳದೇ. ಗೇಷಾಳ ಹೊತ್ತನ್ನು ಹಿಂದೆ ಗಡಿಯಾರದಿಂದ ಅಲ್ಲ, ಊದುಬತ್ತಿಯಿಂದ ಅಳೆಯುತ್ತಿದ್ದರಂತೆ. ಇಷ್ಟು ಬತ್ತಿ ಉರಿದರೆ ಇಷ್ಟು ಹಣ. ಇವರು ಅದನ್ನು ವಿವರಿಸಿದ್ದೇ ತಡ, ಅತ್ತೆಯ ಮುಖ ಅರಳಿತು. "ನಮ್ಮ ಮೈಸೂರು ಬತ್ತಿ ಹಚ್ಚಿದ್ರೆ ಗಿರಾಕಿಗೆ ನಷ್ಟ ಕಣೋ. ಕಿಟಕಿ ತೆಗೆದ್ರೆ ಅರ್ಧ ಗಂಟೆಗೇ ಬೂದಿ."

ಔತಣದ ರಾತ್ರಿಯೇ ಯಾರೂ ದುಡ್ಡು ಎಣಿಸುವುದಿಲ್ಲ. ಲೆಕ್ಕ ಆಮೇಲೆ ಮನೆಗೆ ಬರುತ್ತದೆ. ಮೊದಲ ಬಾರಿಗೆ ಬರುವ ಅಪರಿಚಿತನನ್ನು ಒಳಗೆ ಬಿಡದಿರುವುದಕ್ಕೆ ಒಂದು ಕಾರಣ ಅದೇ. ಹಳೆಯ ಗಿರಾಕಿಯೊಬ್ಬ ಕರೆತಂದು ಪರಿಚಯಿಸಬೇಕು, ಹೊಸಬ ಕೈಯೆತ್ತಿದರೆ ಕರೆತಂದವನೇ ಹೊಣೆ. ಪ್ರವಾಸದ ಪುಸ್ತಕಗಳು ಇದನ್ನು ದೊಡ್ಡ ರಹಸ್ಯದ ಹಾಗೆ ಬರೆಯುತ್ತವೆ. ಅತ್ತೆಗೆ ಅದು ಶೆಟ್ಟರ ಅಂಗಡಿಯಲ್ಲಿ ತಿಂಗಳ ಸಾಮಾನಿಗೆ ಬರೆಸುತ್ತಿದ್ದ ಕೆಂಪು ರಟ್ಟಿನ ಪುಸ್ತಕ. "ಗುರುತಿಲ್ಲದೋರಿಗೆ ಶೆಟ್ರು ಸಾಲ ಕೊಡ್ತಿದ್ರಾ?" ಎಂದರು. ನನಗೆ ಅಷ್ಟು ಓದಿಯೂ ಅರ್ಥವಾಗದಿದ್ದದ್ದು ಆಗ ಅರ್ಥವಾಯಿತು.

ಮಗಳು ಕೇಳಬಾರದ್ದನ್ನೇನೂ ಕೇಳಲಿಲ್ಲ, ಕೇಳಬೇಕಾದ್ದನ್ನೇ ಕೇಳಿದಳು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಾಚಣಿಗೆ, ಮುಡಿಯ ಕಡ್ಡಿಗಳ ಮುಂದೆ ನಿಂತು, "ಇವ್ರಿಗೆಲ್ಲ ಇಲ್ಲಿ ಇರಕ್ಕೆ ಇಷ್ಟ ಇತ್ತಾ ಅಮ್ಮ?" ಎಂದಳು. ಪ್ರವಾಸೋದ್ಯಮದ ಕರಪತ್ರ ಒಂದು ಉತ್ತರ ಕೊಡುತ್ತದೆ: ಗೇಷಾ ಎಂದರೆ ಕಲಾವಿದೆ, ಅಷ್ಟೇ. ಹಾಲಿವುಡ್ ಇನ್ನೊಂದು ಕೊಡುತ್ತದೆ. ನಾನು ನನಗೆ ತಿಳಿದದ್ದನ್ನು ಹೇಳಿದೆ. ಬಡವರ ಮನೆಯ ಹೆಣ್ಣುಮಕ್ಕಳನ್ನು ಅಪ್ಪ ಅಮ್ಮ ಮುಂಗಡ ಸಾಲ ಪಡೆದು ಇಂಥ ಮನೆಗಳಿಗೆ ಒಪ್ಪಿಸುತ್ತಿದ್ದರು. ಊಟ, ಬಟ್ಟೆ, ಪಾಠದ ಖರ್ಚೆಲ್ಲ ಆ ಸಾಲದ ಮೇಲೆಯೇ ಸೇರುತ್ತಿತ್ತು. ಗೇಷಾಳ ಕೆಲಸ ಹಾಡು, ಕುಣಿತ, ಮಾತು. ದೇಹ ಮಾರುವ ಹೆಂಗಸರು ಬೇರೆಯೇ ಇದ್ದರು. ಆದರೆ ಒಂದೇ ಬೇಲಿಯೊಳಗೆ ಇಬ್ಬರೂ ಇದ್ದ ಕಾಲವೂ ಇತ್ತು, ಗೆರೆ ಅಷ್ಟು ಸ್ಪಷ್ಟವಾಗಿರಲಿಲ್ಲ. 1872ರಲ್ಲಿ ಸರ್ಕಾರ ಇಬ್ಬರನ್ನೂ ಬಿಡುಗಡೆ ಮಾಡಿದ್ದೇವೆ ಎಂದು ಆಜ್ಞೆ ಹೊರಡಿಸಿತು. ಸಾಲ ಬೇರೆ ಹೆಸರಿನಲ್ಲಿ ಮುಂದುವರಿಯಿತು. ಎರಡನೇ ಮಹಾಯುದ್ಧದ ನಂತರದ ಕಾನೂನುಗಳು ಬರುವ ತನಕ ಪರಿಸ್ಥಿತಿ ನಿಜವಾಗಿ ಬದಲಾಗಲಿಲ್ಲ. ಈಗ ಬರುವವರು ಬೆಳೆದ ಹುಡುಗಿಯರು, ತಾವೇ ಇಷ್ಟಪಟ್ಟು ಸೇರುವವರು. ಕನಜಾವಾದ ಎಲ್ಲ ಕೇರಿಗಳನ್ನು ಕೂಡಿಸಿದರೂ ಐವತ್ತು ಮಂದಿ ಆಗುವುದು ಕಷ್ಟ.

ಮಗ ನಡುವೆ ಬಾಯಿ ಹಾಕಿದ. "ಅವ್ರು ಎಲ್ಲಿ ಆಟ ಆಡ್ತಿದ್ರು?" ಆ ಮನೆಯಲ್ಲಿ ನಾವು ನೋಡಿದ ಕೋಣೆಗಳಲ್ಲಿ ಆಡುವಂಥ ಜಾಗ ಒಂದೂ ಇರಲಿಲ್ಲ.

ಅತ್ತೆ ಮಾತಾಡಿದ್ದು ಹೊರಗೆ ಬಂದ ಮೇಲೆ, ಮೊಮ್ಮಗಳ ಕೈ ಹಿಡಿದು ಒದ್ದೆ ಕಲ್ಲುಹಾಸಿನ ಮೇಲೆ ನಡೆಯುತ್ತಾ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನ ಕಥೆ ಹೇಳಿದರು. ದೇವದಾಸಿಯ ಮಗಳು, ಸಂಸ್ಕೃತ ಕಲಿತವಳು, ಕಛೇರಿ ಮಾಡಿ ಸಂಪಾದಿಸಿದ ದುಡ್ಡಿನಲ್ಲಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವಳು. ಮೈಸೂರು ಸರ್ಕಾರ 1909ರಲ್ಲಿ ತನ್ನ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿದ್ದನ್ನೂ ಹೇಳಿದರು. "ಒಳ್ಳೇದೇ ಆಯ್ತು ಪುಟ್ಟಿ. ಆದ್ರೆ ಆಮೇಲೆ ಅವರು ಹಾಡ್ತಿದ್ದ ಪದಗಳನ್ನ ನಮ್ಮಂಥೋರು ಕಲಿತು ವೇದಿಕೆ ಹತ್ತಿದ್ವಿ. ಅವರ ಮನೆಯೋರು ಎಲ್ಲಿ ಹೋದ್ರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ." ಅವರು ಇದನ್ನು ಯಾವತ್ತೂ ನನ್ನ ಬಳಿ ಹೇಳಿದ್ದಿಲ್ಲ. ಹದಿನಾಲ್ಕರ ಹುಡುಗಿಗೆ ಹೇಳಿದರು. ಅವಳ ಪ್ರಶ್ನೆ ನೇರವಾಗಿದ್ದಕ್ಕೆ ಇರಬೇಕು.

ಆ ಬೀದಿಯ ಹತ್ತಿರವೇ ಶಾಮಿಸೆನ್ ಎಂಬ ತಂತಿವಾದ್ಯ ಮಾಡುವ, ರಿಪೇರಿ ಮಾಡುವ ಹಳೆಯ ಅಂಗಡಿ ಇದೆ. ಒಂದಿಷ್ಟು ಯೆನ್ ಕೊಟ್ಟರೆ ಮಹಡಿಯ ಮೇಲೆ ಕೂತು ನುಡಿಸಿ ನೋಡಬಹುದು. ಮಕ್ಕಳಿಗಾಗಿ ಹೋದೆವು, ಕೂತದ್ದು ಅತ್ತೆ. ಮೂರು ತಂತಿ, ಉದ್ದ ಕತ್ತು, ಮೆಟ್ಟಿಲುಗಳಿಲ್ಲ. ಬೀಸಣಿಗೆಯಂತೆ ಅಗಲವಾದ ಮೀಟುವ ಹಲಗೆಯನ್ನು ಮುಷ್ಟಿಯಲ್ಲಿ ಹಿಡಿದು ತಂತಿಯ ಜೊತೆಗೆ ಚರ್ಮಕ್ಕೂ ಹೊಡೆಯಬೇಕು. ಅತ್ತೆಯ ಬೆರಳು ಮೆಟ್ಟಿಲು ಹುಡುಕಿ ಹುಡುಕಿ ಸೋತಿತು. ಆದರೆ ಮೇಲಿನ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದಾಗ ಥಟ್ಟನೆ ಕೈ ನಿಲ್ಲಿಸಿದರು. ಮತ್ತೆ ಮೀಟಿದರು, ಕಿವಿ ಹತ್ತಿರ ತಂದರು. "ಇದಕ್ಕೆ ಜೀವಾಳಿ ಇದೆಯಲ್ಲೋ!"

ತಂಬೂರಿಯ ತಂತಿಯ ಕೆಳಗೆ ಸಣ್ಣ ದಾರದೆಳೆ ಸಿಕ್ಕಿಸಿ ಝೇಂಕಾರ ಬರಿಸುತ್ತೇವಲ್ಲ, ಆ ಝೇಂಕಾರವೇ ಈ ತಂತಿಯಲ್ಲಿತ್ತು, ಉಳಿದೆರಡರಲ್ಲಿ ಇರಲಿಲ್ಲ. ಅಂಗಡಿಯ ಯಜಮಾನರಿಗೆ ಇವರು ತಮ್ಮ ಜಪಾನಿಯಲ್ಲಿ ಅದನ್ನು ಹೇಳಿದಾಗ, ಅದುವರೆಗೆ ಗಂಭೀರವಾಗಿದ್ದ ಮನುಷ್ಯ ನಕ್ಕು ಹತ್ತಿರ ಬಂದು ಕೂತರು. ಕತ್ತಿನ ಮೇಲ್ತುದಿಯನ್ನು ತೋರಿಸಿದರು. ಎರಡು ತಂತಿಗಳು ಅಲ್ಲಿರುವ ಲೋಹದ ತುಂಡಿನ ಮೇಲೆ ಹಾದುಹೋಗುತ್ತವೆ, ದಪ್ಪ ತಂತಿಗೆ ಮಾತ್ರ ಆ ಆಸರೆಯಿಲ್ಲ. ಅದು ಕೆತ್ತಿದ ಮರದ ಅಂಚನ್ನು ಕೂದಲೆಳೆಯಷ್ಟು ಸವರುತ್ತದೆ. ಆ ಸವರುವಿಕೆಯೇ ಝೇಂಕಾರ. ಉಳಿದ ತಂತಿಗಳು ಸರಿಯಾದ ಶ್ರುತಿಯಲ್ಲಿದ್ದರೆ ಅವನ್ನು ಮೀಟಿದಾಗಲೂ ಈ ತಂತಿ ತಾನಾಗಿಯೇ ಝೇಂಕರಿಸಿ ಹೇಳುತ್ತದೆ. ಅತ್ತೆ ಕನ್ನಡದಲ್ಲಿ ಕೇಳುತ್ತಿದ್ದರು, ಯಜಮಾನರು ಜಪಾನಿಯಲ್ಲಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇವರ ಅನುವಾದ ಯಾರಿಗೂ ಬೇಕಿರಲಿಲ್ಲ. ಹೊರಡುವಾಗ ಮಗಳು ಗೋಡೆಯ ಮೇಲಿದ್ದದ್ದನ್ನು ಫೋನಿನಲ್ಲಿ ಓದಿಸಿ, "ಅಜ್ಜಿ, ಇದಕ್ಕೆ ಬೆಕ್ಕಿನ ಚರ್ಮ ಹಾಕ್ತಾರಂತೆ, ಇಲ್ಲ ನಾಯೀದು" ಎಂದು ಗಾಬರಿಪಟ್ಟಳು. ಅದನ್ನು ಮುಟ್ಟಿದ್ದಕ್ಕೆ ಸ್ನಾನದ ಮಾತು ಬರುತ್ತದೆ ಎಂದು ನಾನು ಕಾದೆ. "ಮತ್ತೆ ಮೃದಂಗಕ್ಕೆ ಏನು ಬಾಳೆ ಎಲೆ ಹಾಕ್ತಾರೆ ಅಂದ್ಕೊಂಡ್ಯಾ?" ಎಂದು ಅತ್ತೆ ಕೊಡೆ ಬಿಚ್ಚಿದರು.

ಚಿನ್ನದ ರೇಕಿನ ಅಂಗಡಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಪಾನಿನ ಚಿನ್ನದ ರೇಕು ಬಹುಪಾಲು ತಯಾರಾಗುವುದು ಈ ಊರಿನಲ್ಲೇ, ಅದು ನಿಜ. ಆದರೆ ಐಸ್‌ಕ್ರೀಮಿನ ಮೇಲೆ ಇಡೀ ರೇಕು ಹೊದಿಸಿ ಮಾರುವುದರಲ್ಲಿ ರುಚಿಯೂ ಇಲ್ಲ, ಅರ್ಥವೂ ಇಲ್ಲ. ಮಗ ತಿಂದು ಚಿನ್ನದ ಮೀಸೆ ಮಾಡಿಕೊಂಡ. ನೋಡಬೇಕಾದದ್ದು ಕೆಲಸಗಾರ್ತಿಯ ಉಸಿರು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಹಾಳೆಯನ್ನು ಬಿದಿರಿನ ಚಿಮಟದಲ್ಲಿ ಎತ್ತಿ, ಚರ್ಮದ ಹಲಗೆಯ ಮೇಲೆ ಬಿಟ್ಟು, ನಟ್ಟನಡುವೆ ಒಮ್ಮೆ 'ಫೂ' ಎನ್ನುತ್ತಾಳೆ, ಸುಕ್ಕೆಲ್ಲ ಅಂಚಿಗೆ ಹರಿದು ಮಾಯ. ಚಿನ್ನವನ್ನು ಕಾಗದಗಳ ನಡುವೆ ಇಟ್ಟು ಬಡಿಯುತ್ತಾರೆ. ಬಡಿದು ಬಡಿದು ಸವೆದ ಆ ಕಾಗದ ಮುಖದ ಎಣ್ಣೆ ಹೀರಲು ಬಲು ಚೆನ್ನ, ಗೇಷಾಗಳೂ ಕಬುಕಿ ನಟರೂ ಬಳಸುತ್ತಿದ್ದದ್ದು ಅದನ್ನೇ. ಈಗ ಅದೇ ಹೆಸರಿನಲ್ಲಿ ಪುಟ್ಟ ಪುಟ್ಟ ಕಟ್ಟುಗಳು ಸಿಗುತ್ತವೆ. ಅತ್ತೆ ಒಂದು ಚೀಲ ತುಂಬ ಕೊಂಡರು, ಮೈಸೂರಿನ ಗೆಳತಿಯರಿಗೆ.

ಸಂಜೆ, ಪರಿಚಯವಿಲ್ಲದವರಿಗೂ ಟಿಕೆಟ್ ಕೊಡುವ ಒಂದು ಕಾರ್ಯಕ್ರಮಕ್ಕೆ ಹೋದೆವು. ಇಬ್ಬರು ಕುಣಿದರು, ಒಬ್ಬರು ನುಡಿಸಿ ಹಾಡಿದರು. ಕುಣಿದವರ ಬಿಳಿ ಮುಖ, ಹೊಳೆಯುವ ಕಿಮೋನೋ ಎಲ್ಲರ ಕಣ್ಣು ಸೆಳೆದಿತ್ತು. ನುಡಿಸಿದಾಕೆ ಅರವತ್ತು ದಾಟಿದವರು, ಕಪ್ಪು ಬಟ್ಟೆ, ಬದಿಯಲ್ಲಿ ಕೂತಿದ್ದರು. ಹಾಡಿನ ನಡುವೆ ತಂತಿ ಕೊಂಚ ಇಳಿಯಿತು. ಹಾಡು ನಿಲ್ಲಿಸದೆ, ಕಣ್ಣು ಎತ್ತದೆ, ಎಡಗೈಯಿಂದ ಬಿರಡೆ ತಿರುಗಿಸಿ ಸರಿಮಾಡಿಕೊಂಡರು. "ಭೇಷ್" ಎಂದರು ಅತ್ತೆ, ಸ್ವಲ್ಪ ಜೋರಾಗಿಯೇ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಕನಜಾವಾದ ವಿಶೇಷ ಎಂದರೆ ಔತಣದ ಕೋಣೆಯ ಡೋಲು. ಒಬ್ಬರು ದೊಡ್ಡ ಡೋಲು, ಇನ್ನೊಬ್ಬರು ಚಿಕ್ಕದು ಬಾರಿಸುತ್ತಾರೆ, ಕೊನೆಯಲ್ಲಿ ಅತಿಥಿಗಳನ್ನೂ ಕರೆಯುತ್ತಾರೆ. ಮಗಳು ಎದ್ದು ಹೋದದ್ದು ನನಗೆ ಆಶ್ಚರ್ಯ. ಮೊದಲ ಸುತ್ತು ತಪ್ಪಿತು, ಎರಡನೆಯದೂ ತಪ್ಪಿತು. ಅತ್ತೆ ಕೂತಲ್ಲಿಂದಲೇ ತೊಡೆ ತಟ್ಟಿ ತಾಳ ಹಾಕಿದರು, ಅವಳು ಅದನ್ನು ನೋಡಿಕೊಂಡು ಹಿಡಿದಳು. ಗೇಷಾ ನಕ್ಕು, ತಲೆಬಾಗಿ, ಅಜ್ಜಿಯ ಕಡೆಗೂ ಒಮ್ಮೆ ಬಾಗಿದರು. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಎಲ್ಲರೂ ಕಿಮೋನೋ ಎಷ್ಟು ತೂಕ, ಕೂದಲು ನಿಜವೇ ಎಂದು ಕೇಳಿದರು. ಅತ್ತೆ ಇವರಿಂದ ಕೇಳಿಸಿದ್ದು ಒಂದೇ, ಅದೂ ನುಡಿಸಿದಾಕೆಗೆ: "ಪಾಠ ಯಾವಾಗ ಮುಗೀತು?" ಆಕೆ ಕೈಯಾಡಿಸಿದರು. ಮುಗಿದಿಲ್ಲ, ನಾಳೆ ಬೆಳಿಗ್ಗೆಯೂ ಗುರುಗಳ ಮನೆಗೆ ಹೋಗಬೇಕು.

ಅತ್ತೆ ಊರಿಗೆ ಮರಳಿದ ಮೇಲೆ, 2024ರ ಜನವರಿ 1ರಂದು ಕನಜಾವಾಕ್ಕೆ ಉತ್ತರದ ನೋತೋದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ವಾಜಿಮಾ ಊರಿನ ಬೆಳಗಿನ ಸಂತೆಬೀದಿ ಸುಟ್ಟು ಬೂದಿಯಾಯಿತು. ಟಿವಿಯಲ್ಲಿ ನೋಡಿ ಅತ್ತೆ ಫೋನ್ ಮಾಡಿದರು. ನಾವು ಹೇಗಿದ್ದೇವೆಂದು ಕೇಳಿದ ಮೇಲೆ, "ಆ ಬಿರಡೆ ತಿರುಗಿಸಿದೋರು ಹುಷಾರಾಗಿದ್ದಾರಾ?" ಎಂದರು. ಹೆಸರೇ ಗೊತ್ತಿಲ್ಲದವರನ್ನು ಎಲ್ಲಿ ವಿಚಾರಿಸುವುದು? ಕೇರಿಯ ಮನೆಗಳು ನಿಂತಿವೆ ಎಂದಷ್ಟೇ ಹೇಳಲು ಸಾಧ್ಯವಾಯಿತು.

ಆ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅತ್ತೆಯ ಭಜನೆ ಬಳಗದವರೆಲ್ಲ ಮನೆಯಲ್ಲಿ ಸೇರಿದ್ದರು. ಎಣ್ಣೆ ಹೀರುವ ಕಾಗದ ಆಗಲೇ ಹಂಚಿ ಆಗಿತ್ತು. ಜಾಲರಿ, ಊದುಬತ್ತಿ, ಜೀವಾಳಿ ಎಲ್ಲವನ್ನೂ ಅತ್ತೆ ಮತ್ತೊಮ್ಮೆ ಹೇಳಿದರು, ಬಾಯಲ್ಲೇ ಶಾಮಿಸೆನ್ ಮೀಟಿ ತೋರಿಸಿದರು. ಒಬ್ಬರಿಗೆ ತಡೆಯಲಾಗಲಿಲ್ಲ. "ಅದೆಲ್ಲ ಸರಿ ಕಣ್ರೀ, ನೋಡಕ್ಕೆ ಹೇಗಿದ್ರು ಅವರು?"

"ನಾನು ಕೈ ನೋಡ್ತಿದ್ದೆ" ಎಂದರು ಅತ್ತೆ. "ಮುಖದ ಫೋಟೋ ಬೇಕಾದ್ರೆ ಇವಳ ಫೋನಲ್ಲಿರುತ್ತೆ, ಕೇಳಿ."

ನನ್ನ ಫೋನಿನಲ್ಲಿದ್ದದ್ದು ಮಗನ ಚಿನ್ನದ ಮೀಸೆ. ಅದನ್ನೇ ಎಲ್ಲರಿಗೂ ತೋರಿಸಿದೆ.